ಚಲನೆಯ ಲೆಕ್ಕವೂ ಮಾತಿನ ಅರಿವೂ

‘ಜಗತ್ತು’ ಎಂಬ ಶಬ್ದಕ್ಕೆ ‘ಚಲಿಸುವುದು’ ಎಂದೇ ಮೂಲಾರ್ಥ. ಹೋಗು ಎಂಬ ಅರ್ಥವುಳ್ಳ ‘ಗಮ್’ ಧಾತುವಿನಿಂದ ಹುಟ್ಟಿದ ಶಬ್ದವದು. ನಿಶ್ಚಲವಾಗಿ ನಿಂತಂತೆ ತೋರುವ ರಾಮನಗರದ ಹೆಬ್ಬಂಡೆಗಳು ಕೂಡ ಬಿಸಿಲು ಮಳೆಗಳಿಗೆ ಸಿಕ್ಕಿ ಕಣಕಣವಾಗಿ ಸವೆಯುತ್ತಿವೆ. ನೆರಳು ನೀಳುತ್ತದೆ, ಕೆರೆ ತುಂಬುತ್ತದೆ, ಕಣದ ರಾಶಿ ಏರುತ್ತದೆ. ನಿಂತ ವಸ್ತುವನ್ನು ಅಳೆಯುವುದಕ್ಕೆ ಅಂಕಗಣಿತವೂ ರೇಖಾಗಣಿತವೂ ಸಾಕು. ಚಲಿಸುತ್ತಿರುವುದನ್ನು ಚಲಿಸುತ್ತಿರುವಾಗಲೇ ಅಳೆಯಬೇಕೆಂದಾಗ ಕಲನಶಾಸ್ತ್ರವನ್ನು, ಎಂದರೆ ಕ್ಯಾಲ್ಕುಲಸ್ಸನ್ನು ಆಶ್ರಯಿಸಬೇಕಾಗುತ್ತದೆ.

ಈ ಶಾಸ್ತ್ರದ ಪ್ರವೇಶದ್ವಾರದಲ್ಲಿಯೇ ವಿದ್ಯಾರ್ಥಿಗೆ ಎದುರಾಗುವ ಒಂದು ಪ್ರಕರಣವುಂಟು. ಅದನ್ನು ‘ಸಂಬಂಧಿತ ದರಗಳು’ ಎಂದು ಕರೆಯಬಹುದು. ಎರಡು ಪರಿಮಾಣಗಳು ಒಂದಕ್ಕೊಂದು ಕಟ್ಟುಬಿದ್ದಿವೆ. ಒಂದು ಬದಲಾದರೆ ಇನ್ನೊಂದೂ ಬದಲಾಗಲೇಬೇಕು. ಒಂದು ಎಷ್ಟು ವೇಗವಾಗಿ ಬದಲಾಗುತ್ತಿದೆಯೆಂಬುದು ತಿಳಿದಿದೆ, ಇನ್ನೊಂದರ ವೇಗವೆಷ್ಟು? ದ್ವಿತೀಯ ಪಿ.ಯು.ಸಿ. ತರಗತಿಯಲ್ಲಿ ಅವಕಲನದ ಅನ್ವಯಗಳ ಅಧ್ಯಾಯದಲ್ಲಿ ಈ ಬಗೆಯ ಪ್ರಶ್ನೆಗಳು ಬರುತ್ತವೆ. ಅವಕಲನದ ಸೂತ್ರಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಬಲ್ಲ ಮಕ್ಕಳೂ ಇಲ್ಲಿ ಬಂದು ತಡವರಿಸುತ್ತಾರೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಹತ್ತನೆಯ ತರಗತಿಯ ಗಣಿತದಲ್ಲಿ ಮೇಲಾದ ಅಂಕಗಳನ್ನು ಪಡೆದು, ಇಂಗ್ಲಿಷ್ ಮಾಧ್ಯಮದ ವಿಜ್ಞಾನ ವಿಭಾಗಕ್ಕೆ ಸೇರಿದ ಬಾಲಕ ಬಾಲಕಿಯರ ಪಾಡನ್ನು ಅಧ್ಯಾಪಕರು ಬಲ್ಲರು. ನಾಲ್ಕು ಸಾಲಿನ ಪ್ರಶ್ನೆಯ ಮುಂದೆ ಲೇಖನಿ ನಿಲ್ಲುತ್ತದೆ. ‘ಗಣಿತ ನಮ್ಮ ಪಾಲಿನದಲ್ಲ’ ಎಂಬ ನಿರಾಶೆ ಮನಸ್ಸಿನಲ್ಲಿ ಬೇರೂರುತ್ತದೆ. ಹಲವರು ಆ ಮಾರ್ಗವನ್ನೇ ತೊರೆಯುತ್ತಾರೆ. ಆದರೆ ಸೂಕ್ಷ್ಮವಾಗಿ ಪರಿಶೀಲಿಸಿದರೆ ಆ ಮಕ್ಕಳು ಸೋತದ್ದು ಬಹುಮಟ್ಟಿಗೆ ಗಣಿತದಲ್ಲಿ ಅಲ್ಲ, ವಾಕ್ಯಾರ್ಥವನ್ನು ಬಿಡಿಸಿಕೊಳ್ಳುವುದರಲ್ಲಿ. ಆದುದರಿಂದಲೇ ಈ ವಿಷಯ ಗಣಿತದ ಅಧ್ಯಾಪಕರಿಗೆ ಎಷ್ಟು ಸೇರಿದ್ದೋ ಭಾಷೆಯ ಅಧ್ಯಾಪಕರಿಗೂ ಅಷ್ಟೇ ಸೇರಿದ್ದು.

ದೀಪ, ಶಂಕು, ನೆರಳು

ಈ ವಿಚಾರ ನಮಗೆ ತೀರ ಹೊರಗಿನದೇನೂ ಅಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಕೃತಿಗಳಲ್ಲಿ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಪೂರ್ಣಗೊಳಿಸಿದರು, ‘ಲೀಲಾವತಿ’ಯು ಅದರ ಮೊದಲ ಭಾಗ.

ಲೀಲಾವತಿಯ ಛಾಯಾವ್ಯವಹಾರದಲ್ಲಿ ಒಂದು ಲೆಕ್ಕವಿದೆ. ಮೂರೂವರೆ ಹಸ್ತ ಎತ್ತರದಲ್ಲಿ ಒಂದು ದೀಪ, ಅದರ ಬುಡದಿಂದ ಮೂರು ಹಸ್ತ ದೂರದಲ್ಲಿ ಹನ್ನೆರಡು ಅಂಗುಲದ ಶಂಕು, ಶಂಕುವಿನ ನೆರಳೆಷ್ಟು? ಆಚಾರ್ಯರು ಕೊಡುವ ಸೂತ್ರ ಸರಳವಾದುದು: ಶಂಕುವಿನ ಎತ್ತರವನ್ನು ದೀಪಕ್ಕೂ ಶಂಕುವಿಗೂ ಇರುವ ದೂರದಿಂದ ಗುಣಿಸಿ, ದೀಪದ ಎತ್ತರದಲ್ಲಿ ಶಂಕುವಿನ ಎತ್ತರವನ್ನು ಕಳೆದು ಉಳಿದುದರಿಂದ ಭಾಗಿಸಬೇಕು. ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತವಾದುದರಿಂದ ಶಂಕು ಅರ್ಧ ಹಸ್ತ. ಅರ್ಧವನ್ನು ಮೂರರಿಂದ ಗುಣಿಸಿ, ಮೂರರಿಂದ ಭಾಗಿಸಿದರೆ ಅರ್ಧ ಹಸ್ತ, ಅಂದರೆ ಹನ್ನೆರಡು ಅಂಗುಲದ ನೆರಳು ದೊರೆಯುತ್ತದೆ. ಸಮರೂಪ ತ್ರಿಭುಜಗಳ ತತ್ತ್ವವೇ ಇದರ ಆಧಾರ.

ಭಾಸ್ಕರಾಚಾರ್ಯರ ಈ ಶಂಕು ನಿಂತಿದೆ. ಅದನ್ನು ನಡೆಸಿದರೆ ಅದೇ ಲೆಕ್ಕ ಕಲನಶಾಸ್ತ್ರಕ್ಕೆ ಸೇರುತ್ತದೆ. ಶಾಲೆಯ ಅಂಗಳದಲ್ಲಿ 6 ಮೀಟರ್ ಎತ್ತರದ ದೀಪದ ಕಂಬವಿದೆ ಎಂದು ಭಾವಿಸೋಣ. 1.5 ಮೀಟರ್ ಎತ್ತರದ ಬಾಲಕನೊಬ್ಬನು ಸಂಜೆಯ ಪ್ರಾರ್ಥನೆ ಮುಗಿಸಿ, ಕಂಬದಿಂದ ನೇರವಾಗಿ ಸೆಕೆಂಡಿಗೆ 1.2 ಮೀಟರಿನಂತೆ ದೂರ ಸರಿಯುತ್ತಿದ್ದಾನೆ. ಆಚಾರ್ಯರ ಸೂತ್ರದಂತೆ ನೆರಳು = 1.5 × ದೂರ ÷ 4.5, ಎಂದರೆ ನೆರಳು ಯಾವಾಗಲೂ ದೂರದ ಮೂರನೆಯ ಒಂದು ಭಾಗ. ಆದುದರಿಂದ ನೆರಳು ನೀಳುವ ದರವೂ ದೂರ ಹೆಚ್ಚುವ ದರದ ಮೂರನೆಯ ಒಂದು ಭಾಗ, ಅಂದರೆ ಸೆಕೆಂಡಿಗೆ 0.4 ಮೀಟರ್. ನೆರಳಿನ ತುದಿಯಾದರೋ ಬಾಲಕನ ನಡಿಗೆ, ನೆರಳಿನ ಬೆಳವಣಿಗೆ ಎರಡನ್ನೂ ಕೂಡಿಸಿಕೊಂಡು ಸೆಕೆಂಡಿಗೆ 1.6 ಮೀಟರಿನಂತೆ ಓಡುತ್ತದೆ. ನೆರಳು ನೀಳುವ ವೇಗ ಬೇರೆ, ನೆರಳಿನ ತುದಿಯ ವೇಗ ಬೇರೆ. ಪ್ರಶ್ನೆ ಯಾವುದನ್ನು ಕೇಳಿದೆಯೆಂಬುದನ್ನು ಗಮನವಿಟ್ಟು ಓದದವನು ಇಲ್ಲಿಯೇ ಎಡವುತ್ತಾನೆ.

ಭಾಸ್ಕರಾಚಾರ್ಯರು ಚಲನೆಯ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಗ್ರಹಗತಿಯನ್ನು ಹೇಳುವಾಗ ಅವರು ‘ತಾತ್ಕಾಲಿಕ ಗತಿ’ ಎಂಬ ಪರಿಕಲ್ಪನೆಯನ್ನು ಬಳಸಿದ್ದಾರೆ. ಚಂದ್ರನ ಗತಿ ಹೆಚ್ಚು. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದುದರಿಂದ ತಿಥಿಯ ಅಂತ್ಯವನ್ನು ಗಣಿಸುವಾಗ ದಿನದ ಒಟ್ಟು ಗತಿ ಸಾಲದು, ಆ ಕ್ಷಣದ ಗತಿಯೇ ಬೇಕು ಎಂಬುದು ಅವರ ಅಭಿಪ್ರಾಯ. ಅನಂತರ ಪಾಶ್ಚಾತ್ಯ ದೇಶದಲ್ಲಿ ನ್ಯೂಟನ್ನನು 1671ರಲ್ಲಿ ಬರೆದ, ಅವನ ನಿಧನಾನಂತರ 1736ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಹರಿಯುವ ಪರಿಮಾಣಗಳ ಸಂಬಂಧ ತಿಳಿದಿದ್ದರೆ ಅವುಗಳ ವೇಗಗಳ ಸಂಬಂಧವನ್ನು ಕಂಡುಹಿಡಿಯುವುದೇ ಮೊದಲ ಸಮಸ್ಯೆಯೆಂದು ನಿರೂಪಿಸಿದನು. ಇಂಥ ಪ್ರಶ್ನೆಗಳನ್ನು ಎಳೆಯ ವಿದ್ಯಾರ್ಥಿಗಳಿಗೆ ಶಾಸ್ತ್ರಪ್ರವೇಶದ ಸೋಪಾನವನ್ನಾಗಿ ಮಾಡಿದವರಲ್ಲಿ ಇಂಗ್ಲೆಂಡಿನ ವಿಲಿಯಂ ರಿಚಿ ಮೊದಲಿಗ. ಅವನ ಪಠ್ಯ ಪ್ರಕಟವಾದದ್ದು 1836ರಲ್ಲಿ.

ಏಣಿ ಜಾರಿದ ಲೆಕ್ಕ

ಮಕ್ಕಳು ಮಾಡುವ ಮುಖ್ಯ ದೋಷವನ್ನು ಅರಿಯಲು ಏಣಿಯ ದೃಷ್ಟಾಂತವೇ ಉತ್ತಮ. ಅದಕ್ಕೆ ಮೊದಲು ಒಂದು ಸಣ್ಣ ಸಿದ್ಧತೆ ಬೇಕು. 10 ಮೀಟರ್ ಬಾಹುವುಳ್ಳ ಚೌಕದ ಮಡಿಯೊಂದನ್ನು ಎರಡು ಪಕ್ಕದಲ್ಲಿ 1 ಸೆಂಟಿಮೀಟರಿನಷ್ಟು ಹಿಗ್ಗಿಸಿದರೆ ಹೊಸದಾಗಿ ಸೇರುವುದೇನು? ಒಂದೊಂದು ಪಕ್ಕದಲ್ಲಿ 0.1 ಚದರ ಮೀಟರಿನಂತೆ ಎರಡು ಉದ್ದ ಪಟ್ಟಿಗಳು, ಮೂಲೆಯಲ್ಲಿ 0.0001 ಚದರ ಮೀಟರಿನ ಒಂದು ಚುಕ್ಕೆಯಂಥ ಚೌಕ. ಹಿಗ್ಗಿಸುವ ಅಳತೆ ಚಿಕ್ಕದಾದಂತೆ ಮೂಲೆಯ ತುಣುಕು ಗಣನೆಗೆ ಬಾರದಂತಾಗುತ್ತದೆ. ಎರಡು ಪಟ್ಟಿಗಳು ಮಾತ್ರ ಉಳಿಯುತ್ತವೆ. ಆದುದರಿಂದ ಯಾವುದೇ ಪರಿಮಾಣದ ವರ್ಗವು ಬದಲಾಗುವ ದರ, ಆ ಪರಿಮಾಣದ ಎರಡರಷ್ಟನ್ನು ಅದರ ದರದಿಂದ ಗುಣಿಸಿದಷ್ಟು. ಇದೇ ರೀತಿಯಲ್ಲಿ ಘನದ ದರವು ವರ್ಗದ ಮೂರರಷ್ಟನ್ನು ದರದಿಂದ ಗುಣಿಸಿದಷ್ಟು.

ಈಗ ಪ್ರಶ್ನೆ: ‘ಜಾತ್ರೆಗೆ ಮುನ್ನ ಸುಣ್ಣ ಬಳಿಯಲೆಂದು 5 ಮೀಟರ್ ಉದ್ದದ ಏಣಿಯನ್ನು ಗೋಡೆಗೆ ಒರಗಿಸಿದೆ. ಏಣಿಯ ಬುಡ ಗೋಡೆಯಿಂದ ಸೆಕೆಂಡಿಗೆ 40 ಸೆಂಟಿಮೀಟರಿನಂತೆ ಜಾರುತ್ತಿದೆ. ಬುಡವು ಗೋಡೆಯಿಂದ 3 ಮೀಟರ್ ದೂರದಲ್ಲಿ ಇದ್ದಾಗ ಏಣಿಯ ತಲೆ ಎಷ್ಟು ವೇಗವಾಗಿ ಇಳಿಯುತ್ತಿರುತ್ತದೆ?’

ಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬುದು ಎಲ್ಲರಿಗೂ ಗೊತ್ತಿರುವ ಪ್ರಮೇಯ. ವಿದ್ಯಾರ್ಥಿ ಒಡನೆಯೇ ದೂರದ ಜಾಗದಲ್ಲಿ 3 ಎಂದು ಬರೆಯುತ್ತಾನೆ. ಎತ್ತರ 4 ಎಂದು ಬರುತ್ತದೆ. 9ಕ್ಕೆ 16 ಕೂಡಿದರೆ 25. ಲೆಕ್ಕ ಸರಿಯಾಗಿದೆ, ಆದರೆ ಅಲ್ಲಿಗೆ ದಾರಿ ಮುಗಿದುಹೋಗುತ್ತದೆ. ಬರೆದಿರುವುದೆಲ್ಲ ಸ್ಥಿರಸಂಖ್ಯೆಗಳು, ಸ್ಥಿರಸಂಖ್ಯೆಗೆ ದರವೆಲ್ಲಿಯದು? ಅವಕಲನ ಮಾಡಿದರೆ ಸೊನ್ನೆಗೆ ಸೊನ್ನೆ ಸಮವೆಂಬ ನಿಷ್ಪ್ರಯೋಜಕ ಸತ್ಯವೊಂದು ಕೈಗೆ ಬರುತ್ತದೆ. ಚಲನೆಯನ್ನು ಕಟ್ಟಿಹಾಕಿ, ಆಮೇಲೆ ಅದರ ವೇಗವನ್ನು ಕೇಳಿದಂತಾಯಿತು.

ಸರಿಯಾದ ಕ್ರಮ ಹೀಗೆ. ದೂರದ ವರ್ಗ + ಎತ್ತರದ ವರ್ಗ = 25. ಏಣಿಯ ಉದ್ದ ಬದಲಾಗದು. ಆದುದರಿಂದ 25ನ್ನು ಮೊದಲೇ ಬರೆಯಲು ಅಡ್ಡಿಯಿಲ್ಲ. ದೂರ, ಎತ್ತರಗಳು ಬದಲಾಗುತ್ತಿವೆ. ಅವುಗಳನ್ನು ಹೆಸರಿನಲ್ಲಿಯೇ ಉಳಿಸಬೇಕು. ಈಗ ದರಗಳನ್ನು ತೆಗೆದುಕೊಂಡರೆ:

2 × ದೂರ × ದೂರದ ದರ + 2 × ಎತ್ತರ × ಎತ್ತರದ ದರ = 0.

ಇದು ಏಣಿ ಜಾರುತ್ತಿರುವ ಎಲ್ಲ ಕ್ಷಣಗಳಿಗೂ ಸಲ್ಲುವ ಮಾತು. ಕ್ಷಣದ ಬೆಲೆಗಳನ್ನು ಇರಿಸಬೇಕಾದದ್ದು ಈಗ: ದೂರ 3, ಎತ್ತರ 4, ದೂರದ ದರ 40. ಎತ್ತರದ ದರ ಋಣ 30 ಎಂದು ಬರುತ್ತದೆ. ಏಣಿಯ ತಲೆ ಸೆಕೆಂಡಿಗೆ 30 ಸೆಂಟಿಮೀಟರಿನಂತೆ ಇಳಿಯುತ್ತಿದೆ. ಋಣಚಿಹ್ನೆಯು ಎತ್ತರ ಕಡಮೆಯಾಗುತ್ತಿದೆಯೆಂಬುದನ್ನು ಸೂಚಿಸುತ್ತದೆ. ಬುಡವು 4 ಮೀಟರ್ ದೂರಕ್ಕೆ ಬಂದಾಗ ಎತ್ತರ 3; ಆಗ ಇಳಿಯುವ ವೇಗ ಸುಮಾರು 53 ಸೆಂಟಿಮೀಟರ್. ಬುಡದ ವೇಗ ಒಂದೇ ಆಗಿದ್ದರೂ ತಲೆಯ ವೇಗ ಏರುತ್ತ ಹೋಗುತ್ತದೆ. ಜಾರುವ ಏಣಿಯನ್ನು ಆರಂಭದಲ್ಲಿಯೇ ಹಿಡಿಯಬೇಕೆಂದು ಹಿರಿಯರು ಎಚ್ಚರಿಸುವುದರ ಮರ್ಮ ಇಲ್ಲಿದೆ.

ವ್ಯಾಕರಣದ ನೆರವು

ಈ ಪ್ರಶ್ನೆಯನ್ನು ಒಂದು ವಾಕ್ಯಸಮೂಹವೆಂದು ತಿಳಿದು ಅನ್ವಯಿಸಿದರೆ ಅದರಲ್ಲಿ ಮೂರು ಬಗೆಯ ಮಾತುಗಳು ಕಾಣುತ್ತವೆ. ಮೊದಲನೆಯದು ನಿತ್ಯವಾದ ಮಾತು: ಏಣಿಯ ಉದ್ದ, ಗೋಡೆ ನೆಲಗಳ ನಡುವಣ ಲಂಬಕೋನ. ಇವು ಮೊದಲಿಂದ ಕೊನೆಯವರೆಗೂ ಸತ್ಯ. ಎರಡನೆಯದು ಚಲನೆಯ ಮಾತು. ‘ಸೆಕೆಂಡಿಗೆ’, ‘ಗಂಟೆಗೆ’ ಎಂಬ ಚತುರ್ಥೀ ವಿಭಕ್ತಿಯ ರೂಪವೂ ಅದರೊಡನೆ ಬರುವ ‘ಅಂತೆ’ ಎಂಬ ಅವ್ಯಯವೂ ಇದರ ಗುರುತು: ‘ಸೆಕೆಂಡಿಗೆ 40 ಸೆಂಟಿಮೀಟರಿನಂತೆ’. ಮೂರನೆಯದು ಕ್ಷಣದ ಮಾತು. ‘ಇದ್ದಾಗ’, ‘ಆದಾಗ’, ‘ಬಂದಾಗ’ ಎಂಬ ರೂಪಗಳು ಇದರ ಗುರುತು. ಸಂಸ್ಕೃತದಲ್ಲಿ ಸತಿಸಪ್ತಮಿ ಮಾಡುವ ಕೆಲಸವನ್ನು ಕನ್ನಡದಲ್ಲಿ ಈ ‘ಆಗ’ ಎಂಬುದು ಮಾಡುತ್ತದೆ. ಒಂದು ಕ್ರಿಯೆ ನಡೆಯುವ ಹೊತ್ತನ್ನು ಇನ್ನೊಂದು ಸ್ಥಿತಿಯಿಂದ ಗುರುತಿಸುತ್ತದೆ.

ಈ ಪ್ರಕರಣದ ರಹಸ್ಯವನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ, ‘ಇದ್ದಾಗ’ ಎಂಬುದನ್ನು ಕೊನೆಗೆ ಇರಿಸಬೇಕು. ನಿತ್ಯದ ಮಾತಿನಿಂದ ಸಂಬಂಧವನ್ನು ಕಟ್ಟಬೇಕು. ಆ ಸಂಬಂಧದಿಂದ ದರಗಳ ಸಂಬಂಧವನ್ನು ಪಡೆಯಬೇಕು. ‘ಅಂತೆ’ಯ ಬೆಲೆಯನ್ನೂ ‘ಇದ್ದಾಗ’ದ ಬೆಲೆಯನ್ನೂ ಆಮೇಲೆ ತುಂಬಬೇಕು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಮೊದಲು ಅದನ್ನು ಕನ್ನಡದ ಮೂರು ಚಿಕ್ಕ ವಾಕ್ಯಗಳಾಗಿ ಬರೆದುಕೊಳ್ಳುವಂತೆ ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು. ಇದು ಕಾಲಹರಣವಲ್ಲ, ಲೆಕ್ಕದ ಅರ್ಧಭಾಗ ಅಲ್ಲಿಯೇ ಮುಗಿದಿರುತ್ತದೆ.

ಕಣದ ರಾಶಿ

ಎರಡು ಚರಗಳು ಸಾಲದೆ ಮೂರು ಬಂದಾಗ ಮತ್ತೊಂದು ತೊಡಕು. ಮಾಗಡಿ, ಕನಕಪುರಗಳ ಕಡೆ ಕಣದಲ್ಲಿ ರಾಗಿಯ ರಾಶಿಯನ್ನು ಕಾಣದ ಮಕ್ಕಳಿಲ್ಲ. ಒಂದೇ ಸಮನಾಗಿ ಸುರಿದ ರಾಗಿ ಶಂಕುವಿನಾಕಾರದಲ್ಲಿ ನಿಲ್ಲುತ್ತದೆ. ರಾಶಿ ಬೆಳೆದರೂ ಅದರ ಇಳಿಜಾರು ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಹೆಚ್ಚಿದ ಕಾಳು ಜಾರಿ ಬುಡಕ್ಕೆ ಬರುತ್ತದೆ. ಬುಡದ ತ್ರಿಜ್ಯವು ಎತ್ತರದ ಎರಡರಷ್ಟಿದೆಯೆಂದೂ, ರಾಗಿಯನ್ನು ನಿಮಿಷಕ್ಕೆ 40 ಲೀಟರಿನಂತೆ ಸುರಿಯಲಾಗುತ್ತಿದೆಯೆಂದೂ ಭಾವಿಸೋಣ. ಎತ್ತರ ಏರುವ ವೇಗವೆಷ್ಟು?

ಶಂಕುವಿನ ಘನಫಲವು ಪೈ, ತ್ರಿಜ್ಯದ ವರ್ಗ, ಎತ್ತರ ಇವುಗಳ ಗುಣಲಬ್ಧದ ಮೂರನೆಯ ಒಂದು ಭಾಗ. ಇಲ್ಲಿ ಘನಫಲ, ತ್ರಿಜ್ಯ, ಎತ್ತರ ಮೂರೂ ಬದಲಾಗುತ್ತಿವೆ. ಆದರೆ ತ್ರಿಜ್ಯವು ಎತ್ತರದ ಎರಡರಷ್ಟು ಎಂಬುದು ನಿತ್ಯದ ಮಾತು. ಅದನ್ನು ಮೊದಲೇ ಬಳಸಿ ತ್ರಿಜ್ಯವನ್ನು ನಿವಾರಿಸಬಹುದು, ನಿವಾರಿಸಲೂ ಬೇಕು. ಆಗ ಘನಫಲವು ಪೈಯನ್ನು ಎತ್ತರದ ಘನದಿಂದ ಗುಣಿಸಿದುದರ ಮೂರನೆಯ ನಾಲ್ಕು ಭಾಗವಾಗುತ್ತದೆ. ದರಗಳನ್ನು ತೆಗೆದುಕೊಂಡರೆ, ಘನಫಲದ ದರ = 4 × ಪೈ × ಎತ್ತರದ ವರ್ಗ × ಎತ್ತರದ ದರ. 40 ಲೀಟರೆಂದರೆ 0.04 ಘನ ಮೀಟರ್. ರಾಶಿ ಅರ್ಧ ಮೀಟರ್ ಎತ್ತರವಿದ್ದಾಗ ಅದು ನಿಮಿಷಕ್ಕೆ ಸುಮಾರು 1.27 ಸೆಂಟಿಮೀಟರಿನಂತೆ ಏರುತ್ತದೆ. ಒಂದು ಮೀಟರ್ ಎತ್ತರವಿದ್ದಾಗ ಸುಮಾರು 0.32 ಸೆಂಟಿಮೀಟರ್ ಮಾತ್ರ. ಎತ್ತರ ಇಮ್ಮಡಿಯಾದರೆ ಏರುವ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ಸುರಿಯುವ ಕೈ ಸೋತಿಲ್ಲ. ಬುಡ ವಿಸ್ತಾರವಾಗಿದೆ, ಅಷ್ಟೆ.

ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿ ಹಾಲೆಮರದ ತುಂಡನ್ನು ಯಂತ್ರದಲ್ಲಿ ತಿರುಗಿಸಿ ಕಡೆಯುವಾಗಲೂ ಇದೇ ನ್ಯಾಯ ವಿಲೋಮವಾಗಿ ನಡೆಯುತ್ತದೆ. ತ್ರಿಜ್ಯ ಒಂದೇ ದರದಲ್ಲಿ ಕುಗ್ಗುತ್ತಿದ್ದರೂ ತುಂಡು ಸಣ್ಣದಾದಂತೆ ಉದುರುವ ಹೊಟ್ಟು ಕಡಮೆಯಾಗುತ್ತದೆ. ತ್ರಿಜ್ಯ ಅರ್ಧವಾದಾಗ ಹೊಟ್ಟಿನ ದರವೂ ಅರ್ಧ.

ಕೆರೆ ತುಂಬುವ ಪರಿ

ಈ ಲೆಕ್ಕ ಪರೀಕ್ಷೆಗಷ್ಟೇ ಮೀಸಲಾದುದಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಕುಮುದ್ವತಿಯನ್ನು ಕೂಡಿಕೊಳ್ಳುತ್ತದೆ. ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಿದ ಚಾಮರಾಜಸಾಗರವು 1933ರಲ್ಲಿ ಪೂರ್ಣಗೊಂಡದ್ದು ಅಲ್ಲಿಯೇ. ಮುಂದೆ ನದಿಯು ಮಂಚನಬೆಲೆಯ ಅಣೆಕಟ್ಟನ್ನು ದಾಟಿ, ರಾಮನಗರ ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಸೀಮೆಗೆ ಕಣ್ವ ಜಲಾಶಯವಿದೆ. ಇವಲ್ಲದೆ ಊರೂರಿಗೂ ಕೆರೆಗಳಿವೆ.

ಕೆರೆಯ ಆಕಾರ ಎಂಥದೇ ಇರಲಿ, ಒಂದು ನಿಯಮ ತಪ್ಪದು: ನೀರಿನ ಪರಿಮಾಣ ಹೆಚ್ಚುವ ದರವು, ನೀರು ಹರಡಿದ ವಿಸ್ತೀರ್ಣವನ್ನು ಮಟ್ಟ ಏರುವ ದರದಿಂದ ಗುಣಿಸಿದಷ್ಟು. ನೀರು 10 ಹೆಕ್ಟೇರಿನಲ್ಲಿ, ಎಂದರೆ ಒಂದು ಲಕ್ಷ ಚದರ ಮೀಟರಿನಲ್ಲಿ ಹರಡಿರುವಾಗ ಸೆಕೆಂಡಿಗೆ 5 ಘನ ಮೀಟರಿನಂತೆ ಹಳ್ಳದ ನೀರು ಬರುತ್ತಿದ್ದರೆ, ಗಂಟೆಗೆ 18,000 ಘನ ಮೀಟರ್ ಸೇರುತ್ತದೆ. ಮಟ್ಟ ಗಂಟೆಗೆ 18 ಸೆಂಟಿಮೀಟರಿನಂತೆ ಏರುತ್ತದೆ. ವಿಸ್ತೀರ್ಣ 20 ಹೆಕ್ಟೇರ್ ಆದಾಗ ಅದೇ ನೀರಿಗೆ ಮಟ್ಟ ಏರುವುದು 9 ಸೆಂಟಿಮೀಟರ್. ಕೋಡಿಯಲ್ಲಿ ಸೆಕೆಂಡಿಗೆ 3 ಘನ ಮೀಟರ್ ಹೊರಹೋಗಲು ತೊಡಗಿದರೆ ಉಳಿಯುವುದು 2. ಆಗ ಮಟ್ಟ ಏರುವುದು ಗಂಟೆಗೆ 3.6 ಸೆಂಟಿಮೀಟರ್. ಮಟ್ಟ ಏರದೆ ನಿಂತಿತೆಂದರೆ ಒಳಹರಿವು ನಿಂತಿತೆಂದು ಅರ್ಥವಲ್ಲ. ಒಳಹರಿವು ಹೊರಹರಿವುಗಳು ಸಮವಾದುವೆಂದು ಮಾತ್ರ ಅರ್ಥ. ಜಲಾಶಯದ ಮಟ್ಟವನ್ನು ಹೊತ್ತುಹೊತ್ತಿಗೆ ಓದಿ, ಇದೇ ನಿಯಮವನ್ನು ತಿರುಗಿಸಿ, ಒಳಹರಿವನ್ನು ಅಭಿಯಂತರರು ಗಣಿಸುತ್ತಾರೆ.

2022ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸುರಿದ ಭಾರಿ ಮಳೆಯನ್ನು ಈ ಸೀಮೆಯ ಜನ ಮರೆತಿಲ್ಲ. ರಾಮನಗರ, ಚನ್ನಪಟ್ಟಣಗಳ ಕೆರೆಗಳು ತುಂಬಿ ಹರಿದುವು. ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳು ಮುಳುಗಿ ನಿಂತುವು. ವಿಶಾಲವಾದ ಕೆರೆಯಲ್ಲಿ ಗಂಟೆಗೆ ಗೇಣುದ್ದ ಏರುವ ನೀರು, ಇಕ್ಕಟ್ಟಾದ ತಗ್ಗಿನಲ್ಲಿ ನಿಮಿಷಗಳಲ್ಲಿ ಮೊಳದುದ್ದ ಏರಬಲ್ಲದು. ಏಕೆಂದರೆ ಹರಡಿಕೊಳ್ಳಲು ಅಲ್ಲಿ ಎಡೆಯಿಲ್ಲ. ಅಂಥ ಹೊತ್ತಿನಲ್ಲಿ ‘ನೀರು ಎಷ್ಟಿದೆ’ ಎಂಬ ಪ್ರಶ್ನೆಗಿಂತ ‘ನೀರು ಎಷ್ಟು ಬೇಗ ಏರುತ್ತಿದೆ’ ಎಂಬ ಪ್ರಶ್ನೆ ದೊಡ್ಡದು. ಮೊಣಕಾಲುದ್ದದ ನೀರನ್ನು ನೋಡಿ ದಾಟಬಹುದೆಂದು ಎಣಿಸುವವನು ಕ್ಷಣದ ಬೆಲೆಯನ್ನಷ್ಟೇ ಕಂಡವನು; ದರವನ್ನು ಕಾಣದವನು. ಏಣಿಯ ಲೆಕ್ಕದಲ್ಲಿ ಬಾಲಕ ಮಾಡಿದ ತಪ್ಪೇ ಇಲ್ಲಿ ಪ್ರಾಣಕ್ಕೆ ಎರವಾಗಬಹುದು.

ಅಧ್ಯಾಪನದ ಮಾರ್ಗ

ಈ ಪಾಠಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಅಂಗಳದ ದೀಪದ ಕೆಳಗೆ ಮಗುವೊಂದನ್ನು ನಡೆಸಿ, ಹೆಜ್ಜೆಹೆಜ್ಜೆಗೂ ನೆರಳಿನ ತುದಿಯಲ್ಲಿ ಸೀಮೆಸುಣ್ಣದ ಗೆರೆ ಎಳೆಸಬಹುದು. ದಾಸೋಹದ ಉಗ್ರಾಣದಲ್ಲಿ ರಾಗಿಯನ್ನು ಅಳೆದು ಸುರಿಸಿ, ರಾಶಿಯ ಎತ್ತರವನ್ನು ಬರೆಸಬಹುದು. ಊರಿನ ಕೆರೆಯಲ್ಲಿ ಸೆಂಟಿಮೀಟರ್ ಗೆರೆಗಳುಳ್ಳ ಕಲ್ಲುಕಂಬವೊಂದನ್ನು ನಿಲ್ಲಿಸಿ, ಮಳೆಗಾಲದಲ್ಲಿ ಹಿರಿಯರ ಜೊತೆಯಲ್ಲಿ ದಡದಿಂದಲೇ ಮಟ್ಟವನ್ನು ಓದಿ ದಾಖಲಿಸುವ ಕಾರ್ಯವನ್ನು ವಿದ್ಯಾರ್ಥಿಗಳಿಗೆ ವಹಿಸಬಹುದು. ವಿದ್ಯಾಭಿಮಾನಿಗಳಾದ ದಾನಿಗಳು ಇಂಥ ಒಂದು ಕಂಬವನ್ನು ನೆಡಿಸಿದರೆ ಅದು ಶಾಲೆಗೂ ಊರಿಗೂ ಉಪಕಾರವಾದೀತು. ಕನ್ನಡದ ಅಧ್ಯಾಪಕರು ವಾರಕ್ಕೊಂದು ಅವಧಿಯಲ್ಲಿ ಗಣಿತದ ಪ್ರಶ್ನೆಗಳನ್ನೇ ವಾಕ್ಯವಿಭಜನೆಗೆ ತೆಗೆದುಕೊಂಡರೆ ಎರಡು ವಿಷಯಗಳಿಗೂ ಲಾಭವುಂಟು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಐಚ್ಛಿಕ ವಿಷಯಗಳನ್ನಾಗಿ ವ್ಯಾಸಂಗ ಮಾಡಿದವರು. ಪದವಿಯನ್ನು ಪಡೆಯುವ ಮೊದಲೇ ಶ್ರೀಮಠದ ಹೊಣೆ ಅವರ ಮೇಲೆ ಬಂದಿತು. ತಾವು ಅರ್ಧಕ್ಕೆ ಬಿಟ್ಟ ವಿದ್ಯೆಯನ್ನು ಲಕ್ಷಾಂತರ ಬಡಮಕ್ಕಳು ಪೂರ್ಣವಾಗಿ ಪಡೆಯುವಂತೆ ಅನ್ನ, ಅಕ್ಷರಗಳ ದಾಸೋಹವನ್ನು ನಡೆಸಿದರು. ಆ ಪರಂಪರೆಯ ನೆರಳಿನಲ್ಲಿ ಬೆಳೆಯುವ ಯಾವ ಮಗುವೂ ಮಾತಿನ ಗಂಟೊಂದು ಬಿಡಿಸಲಾರದ ಕಾರಣಕ್ಕೆ ಗಣಿತದಿಂದ ವಿಮುಖವಾಗಬಾರದು. ದಾಸೋಹದ ಪಂಕ್ತಿಯಲ್ಲಿ ಒಬ್ಬರೂ ಹಸಿದು ಏಳಬಾರದೆಂಬ ನಿಯಮ ತರಗತಿಗೂ ಸಲ್ಲಬೇಕು.